ಮೀನಿಗೊಂದು ಮುಚ್ಚಳ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಮನೆಯಲ್ಲಿ ಜಗಳಕ್ಕೆ ಬೇರೆ ವಿಷಯ ಬೇಕಿಲ್ಲ. ತೊಟ್ಟಿಗೆ ಮುಚ್ಚಳ ಹಾಕಬೇಕೋ ಬೇಡವೋ ಅನ್ನೋದೊಂದೇ ಸಾಕು. ಹಾಕಬೇಕು ಅನ್ನುವವರು ಹೇಳುವುದೂ ಸರಿ, ಬೇಡ ಅನ್ನುವವರು ಹೇಳುವುದೂ ಸರಿ. ಕಷ್ಟ ಇರುವುದೇ ಅಲ್ಲಿ. ಒಬ್ಬರದಾದರೂ ತಪ್ಪಾಗಿದ್ದರೆ ರಾತ್ರಿ ಊಟದ ಹೊತ್ತಿಗೆ ಮುಗಿದುಹೋಗುತ್ತಿತ್ತು.

ನಮ್ಮ ಮನೆಯಲ್ಲಿ ಬೇಡ ಅನ್ನುವ ಪಕ್ಷ ನನ್ನ ಗಂಡನದು. ಬೇಕು ಅನ್ನುವ ಪಕ್ಷ ಅತ್ತೆಯವರದು. ನಾನು ಪಕ್ಷೇತರ. ತೊಟ್ಟಿಗೆ ಅಂಟಿಕೊಂಡೇ ಇರುವ ತೇಗದ ಶೋಕೇಸ್ ನನ್ನ ತವರಿನದು, ಹಾಗಾಗಿ ಅತ್ತೆಯ ಕಡೆ ಸ್ವಲ್ಪ ವಾಲಿದ ಪಕ್ಷೇತರ ಅಂದುಕೊಳ್ಳಿ.

ಸಮುದ್ರ ಇರುವುದು ಮಂಗಳೂರಿನಲ್ಲಿ. ನಾವಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ನಡುವೆ ಇಡೀ ಘಟ್ಟ ಇದೆ. ಆದರೂ ಇವರಿಗೆ ಸಮುದ್ರ ಹಾಲ್‌ನಲ್ಲೇ ಬೇಕಾಯಿತು. 200 ಲೀಟರಿನ ತೊಟ್ಟಿ ಬಂತು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಏಳು ಕಿಲೋ ಉಪ್ಪು ಬಂತು. ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿಸಿದ ಸಮುದ್ರದ ಉಪ್ಪು. ಬೆಲೆ ಕೇಳಿದ ಅತ್ತೆ, "ಇಷ್ಟು ದುಡ್ಡಲ್ಲಿ ಮಾವಿನಕಾಯಿ ಸಮೇತ ಉಪ್ಪಿನಕಾಯಿ ಆಗ್ತಿತ್ತು" ಅಂದರು. ಆಮೇಲೆ ಕಿತ್ತಳೆ-ಬಿಳಿ ಪಟ್ಟೆಯ ಒಂದು ಜೋಡಿ ಕ್ಲೌನ್ ಮೀನು ಬಂತು. ಇವು ಹ್ಯಾಚರಿಯಲ್ಲೇ ಹುಟ್ಟಿದವು, ಸಮುದ್ರದಿಂದ ಹಿಡಿದು ತಂದವಲ್ಲ ಅಂತ ಬಂದವರಿಗೆಲ್ಲ ಇವರು ಹೇಳುತ್ತಾರೆ. ಅಣಬೆಯ ಹಾಗೆ ಮೆತ್ತಗಿರುವ ಒಂದಿಷ್ಟು ಹವಳವೂ ಬಂತು. ಗಟ್ಟಿ ಹವಳ ಯಾಕಿಲ್ಲ ಅಂತ ಯಾರಾದರೂ ಕೇಳಿಬಿಟ್ಟರೆ ವನ್ಯಜೀವಿ ಕಾಯ್ದೆಯ ಉಪನ್ಯಾಸ ಶುರು. ನಮ್ಮ ಕಾನೂನಿನಲ್ಲಿ ಹವಳದ ಬಂಡೆ ಕಟ್ಟುವ ಜೀವಿಗಳೂ ಹುಲಿಯೂ ಒಂದೇ ಪಟ್ಟಿಯಲ್ಲಿವೆ, ಗೊತ್ತಾ? ನನಗೂ ಗೊತ್ತಿರಲಿಲ್ಲ. ಕೊನೆಯಲ್ಲಿ ಬಂದದ್ದು ಫೈರ್‌ಫಿಶ್. ಬೆರಳುದ್ದದ ಮೀನು, ಮುಂದಿನ ಅರ್ಧ ಬಿಳಿ, ಹಿಂದಿನ ಅರ್ಧ ಕೆಂಪು. ಬೆಲೆ ಮಾತ್ರ ಬೆರಳುದ್ದದ್ದಲ್ಲ.

ಬರದೇ ಇದ್ದದ್ದು ಮುಚ್ಚಳ ಒಂದೇ.

"ಹವಳಕ್ಕೆ ಬೆಳಕು ಬೇಕು. ನೀರಿಗೆ ಗಾಳಿ ಆಡಬೇಕು. ಆಮ್ಲಜನಕ ಒಳಗೆ ಹೋಗೋದು, ಇಂಗಾಲದ ಡೈಆಕ್ಸೈಡ್ ಹೊರಗೆ ಬರೋದು ಎರಡೂ ಮೇಲಿಂದಲೇ. ಮುಚ್ಚಿದರೆ ಪಿಎಚ್ ಇಳಿಯುತ್ತೆ, ಅಂದರೆ ನೀರು ಹುಳಿಯ ಕಡೆ ವಾಲುತ್ತೆ" ಅಂತ ಇವರ ವಾದ. "ತೆರೆದಿಟ್ಟ ನೀರಿಗೆ ಹಲ್ಲಿ ಬೀಳುತ್ತೆ" ಅಂತ ಅತ್ತೆಯ ವಾದ. ವಿಜ್ಞಾನದ ಪ್ರಕಾರ ಎರಡೂ ನಿಜ.

ತೆರೆದಿಟ್ಟರೆ ಮೊದಲು ಆಗುವುದು ನೀರು ಆರುವುದು. ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ಗಾಳಿ ತುಟಿಯನ್ನೇ ಬಿಡೋಲ್ಲ, ತೊಟ್ಟಿಯನ್ನು ಬಿಡುತ್ತದಾ? ದಿನಕ್ಕೆ ಎರಡು-ಮೂರು ಲೀಟರ್ ಕಾಣೆಯಾಗುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮ ಇದೆ. ಆರುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 200 ಲೀಟರಿನಲ್ಲಿ 10 ಲೀಟರ್ ಆರಿತು ಅಂದರೆ 35 ಗ್ರಾಂ ಇದ್ದದ್ದು ಹತ್ತಿರಹತ್ತಿರ 37 ಆಗುತ್ತದೆ. ಆದ್ದರಿಂದ ಮೇಲಿಂದ ಸುರಿಯಬೇಕಾದ್ದು ಸಿಹಿನೀರು, ಅದೂ ಆರ್‌ಓ ನೀರು. ಇದನ್ನು ಇವರು ಎಲ್ಲರಿಗೂ ವಿವರಿಸಿ ಆಫೀಸಿಗೆ ಹೋದರು. ಸಂಜೆ ಬಂದರೆ ತೊಟ್ಟಿ ತುಂಬಿತ್ತು, ಪಕ್ಕದಲ್ಲಿ ಉಪ್ಪಿನ ಚೀಲ ಬಾಯಿ ಬಿಟ್ಟುಕೊಂಡಿತ್ತು.

"ನೀರು ಹಾಕಿದ ಮೇಲೆ ಉಪ್ಪು ಸಪ್ಪೆ ಆಗೋಲ್ವೇನೋ? ಒಂದು ಹಿಡಿ ಹಾಕಿದೆ" ಅಂದರು ಅತ್ತೆ. ಐವತ್ತು ವರ್ಷ ಸಾರು ಮಾಡಿದ ಕೈ ಅದು, ಸುಮ್ಮನಿರುತ್ತದಾ? ಇವರು ಮಾತಾಡದೆ ನೀರಿನ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ತಗೊಂಡು ಬಾಲ್ಕನಿಗೆ ಹೋಗಿ ನಿಂತರು.

ಇನ್ನು ಉಪ್ಪು ತೆವಳುವ ಕಥೆ. ಪಂಪ್ ನೀರನ್ನು ಕಲಕುತ್ತಿರುತ್ತದೆ, ಗುಳ್ಳೆ ಒಡೆದು ಹನಿ ಸಿಡಿಯುತ್ತದೆ, ಹನಿ ಒಣಗಿ ಬಿಳಿ ಹುಡಿಯಾಗುತ್ತದೆ. ಆ ಹುಡಿ ಇದ್ದಲ್ಲೇ ಇರುವ ಸ್ವಭಾವದ್ದಲ್ಲ. ತೇವ ಹೀರಿಕೊಂಡು ಅಂಚಿನಿಂದ ಲೈಟಿಗೆ, ಲೈಟಿನಿಂದ ವೈರಿಗೆ ಹಬ್ಬುತ್ತದೆ. ನನ್ನ ಶೋಕೇಸಿನ ಕೀಲುಗಳು ಮೊದಲು ಹಸಿರಾದವು, ಆಮೇಲೆ ಕಿರುಗುಟ್ಟಿದವು. ಒಂದು ದಿನ ವೈರಿನ ಗುಂಟ ಇಳಿದ ಉಪ್ಪುನೀರು ಎಕ್ಸ್‌ಟೆನ್ಷನ್ ಬೋರ್ಡ್ ಮುಟ್ಟಿತು. ಇಡೀ ಮನೆಯ ಕರೆಂಟ್ ಟ್ರಿಪ್ ಆಯಿತು, ಸರಿಯಾಗಿ ಧಾರಾವಾಹಿಯ ಹೊತ್ತಿಗೆ. ಮುಚ್ಚಳದ ಪಕ್ಷಕ್ಕೆ ಅಂದು ಬಂದಷ್ಟು ಬಲ ಹಿಂದೆಂದೂ ಬಂದಿರಲಿಲ್ಲ. (ವೈರ್ ಪ್ಲಗ್ಗಿಗೆ ಹೋಗುವ ಮೊದಲು ಕೆಳಗೊಂದು ಬಾಗು ಬಿಟ್ಟರೆ ಹನಿ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಈಗ ನಮ್ಮ ಮನೆಯ ಎಲ್ಲ ವೈರಿಗೂ, ಮಿಕ್ಸಿ ವೈರಿಗೂ ಕೂಡ, ಆ ಬಾಗು ಇದೆ.)

ಹೊರಗಿನವರ ಕೊಡುಗೆಯೂ ಇದೆ. ಊರಿಂದ ಬಂದ ದೊಡ್ಡಪ್ಪ ತೊಟ್ಟಿಯ ಮುಂದೆ ನಿಂತರು. ಇದು ಸಮುದ್ರದ ನೀರು ಅಂತ ತಿಳಿಯಿತು. ಕೈ ಮುಗಿದರು, ಜೇಬಿಗೆ ಕೈ ಹಾಕಿದರು, ಒಂದು ನಾಣ್ಯ ತೆಗೆದು ಪುಳಕ್ ಅಂತ ಹಾಕಿದರು. ಇವರು ಅಡುಗೆಮನೆಯಿಂದ ಓಡಿ ಬಂದು, "ಎಷ್ಟು ಹಾಕಿದ್ರಿ? ಒಂದು ರೂಪಾಯಿನಾ, ಐದು ರೂಪಾಯಿನಾ?" ಅಂತ ಕೂಗಿದರು. ಒಂದು ರೂಪಾಯಿ ಸ್ಟೀಲ್, ಐದು ರೂಪಾಯಿಯಲ್ಲಿ ತಾಮ್ರ ಇರುತ್ತದೆ, ತಾಮ್ರ ಅಂದರೆ ಸೀಗಡಿಗೂ ಬಸವನಹುಳುವಿಗೂ ವಿಷ. ಇದೆಲ್ಲ ದೊಡ್ಡಪ್ಪನಿಗೆ ಹೇಗೆ ಗೊತ್ತಾಗಬೇಕು? ಅವರು ಮುಖ ಸಣ್ಣ ಮಾಡಿಕೊಂಡು, "ಐದೇ ಕಣಪ್ಪಾ ಇದ್ದದ್ದು. ಕಮ್ಮಿ ಆಯ್ತಾ? ನೋಟು ಕೊಡ್ಲಾ?" ಅಂದರು.

ಇಷ್ಟಾದರೂ ಇವರು ಜಗ್ಗಲಿಲ್ಲ. ಜಗ್ಗಿಸಿದ್ದು ಫೈರ್‌ಫಿಶ್.

ಒಂದು ಬೆಳಿಗ್ಗೆ ಕೆಲಸದವಳು ಸೋಫಾ ಕೆಳಗೆ ಪೊರಕೆ ಆಡಿಸುತ್ತಾ, "ಅಕ್ಕಾ, ಬ್ಯಾಡಗಿ ಮೆಣಸಿನಕಾಯಿ ಬಿದ್ದೈತೆ, ಎತ್ತಿಡ್ಲಾ?" ಅಂದಳು. ಎತ್ತಿಡು ಅಂದೆ. ಅವಳು ಅದನ್ನು ಒಗ್ಗರಣೆ ಡಬ್ಬದ ಪಕ್ಕದಲ್ಲಿಟ್ಟಳು. ಕಾಫಿಗೆ ಬಂದ ಇವರು ಆ ಮೆಣಸಿನಕಾಯಿಯನ್ನೇ ನೋಡುತ್ತಾ ನಿಂತರು. ಅದಕ್ಕೆ ಕಣ್ಣಿತ್ತು.

ಈ ಮೀನಿನ ಜಾತಿಯೇ ಹಾಗಂತೆ. ಹವಳದ ದಿಬ್ಬದಲ್ಲಿ ಬಿಲದ ಮೇಲೆ ತೇಲುತ್ತಿರುತ್ತದೆ, ಹೆದರಿದರೆ ಬಾಣದ ವೇಗದಲ್ಲಿ ಬಿಲಕ್ಕೆ. ಬಿಲ ಸಿಗದಿದ್ದರೆ ಎತ್ತ ಬೇಕಾದರೂ, ಮೇಲಕ್ಕೂ. ಸಮುದ್ರದಲ್ಲಿ ಹಾರಿದರೆ ವಾಪಸ್ ಸಮುದ್ರಕ್ಕೇ ಬೀಳುತ್ತದೆ. ಅಲ್ಲಿ ಸೋಫಾ ಇರುವುದಿಲ್ಲ. ಕತ್ತಲಾಗುವುದೂ ಅಲ್ಲಿ ನಿಧಾನಕ್ಕೆ. ನಮ್ಮಲ್ಲಿ ರಾತ್ರಿ ಕರೆಂಟ್ ಹೋದರೆ ನಡುಮಧ್ಯಾಹ್ನದಂತಿದ್ದ ಬೆಳಕು ಒಂದೇ ಕ್ಷಣದಲ್ಲಿ ಅಮಾವಾಸ್ಯೆ. ಮನುಷ್ಯರೇ ಮೇಜಿಗೆ ಕಾಲು ಬಡಿಸಿಕೊಳ್ಳುತ್ತಾರೆ, ಅಲ್ವಾ?

ಅತ್ತೆ ಮೀನು ತಿನ್ನುವವರಲ್ಲ, ಮುಟ್ಟುವವರೂ ಅಲ್ಲ. ಅಂದು ಮಾತ್ರ ಮಧ್ಯಾಹ್ನದವರೆಗೆ ಒಗ್ಗರಣೆ ಹಾಕಲಿಲ್ಲ. ಸೂತಕವೋ, ಆ ಡಬ್ಬ ಮುಟ್ಟಲು ಅಸಹ್ಯವೋ ನಾನು ಕೇಳಲಿಲ್ಲ.

ಮರುದಿನ ಗಾಜಿನ ಮುಚ್ಚಳ ಬಂತು, ಎರಡು ತುಂಡಾಗಿ. ನೀರು ಆರುವುದು ನಿಂತಿತು. ಶೋಕೇಸ್ ಉಸಿರಾಡಿತು. ನಮ್ಮ ಪಕ್ಷ ಗೆದ್ದಿತು ಅಂದುಕೊಂಡೆ. ಆಗ ಏಪ್ರಿಲ್ ಬಂತು. ಹವಳದ ತೊಟ್ಟಿ 25-26 ಡಿಗ್ರಿಯಲ್ಲಿದ್ದರೆ ಚೆನ್ನ, ನಮ್ಮದು 30 ದಾಟಿತು. ನೀರು ಆರುವುದು ಬರೀ ನಷ್ಟ ಅಲ್ಲ, ಅದೇ ತೊಟ್ಟಿಯ ಎಸಿ. ಒಂದು ಲೀಟರ್ ಆರುವಾಗ ಹೀರಿಕೊಳ್ಳುವ ಶಾಖ ನೂರು ಲೀಟರ್ ನೀರನ್ನು ಹೆಚ್ಚುಕಡಿಮೆ 6 ಡಿಗ್ರಿ ತಣ್ಣಗೆ ಮಾಡುವಷ್ಟಿರುತ್ತದೆ. ಇವರು ಅಮ್ಮನಿಗೆ ಅರ್ಥವಾಗಲಿ ಅಂತ ಮಡಕೆಯ ಉದಾಹರಣೆ ಕೊಟ್ಟರು. "ಮಡಕೆಗೂ ಮುಚ್ಚಳ ಇರುತ್ತೆ" ಅಂದರು ಅತ್ತೆ. ಇವರ ಹತ್ತಿರ ಉತ್ತರ ಇರಲಿಲ್ಲ. ಮಡಕೆ ಮೈಯಿಂದ ಬೆವರುತ್ತದೆ, ಗಾಜು ಬೆವರೋಲ್ಲ ಅಂತ ಹೊಳೆದದ್ದು ರಾತ್ರಿ ಹನ್ನೊಂದಕ್ಕೆ, ಅದನ್ನು ಕೇಳಬೇಕಾಗಿ ಬಂದದ್ದು ನಾನು.

ಗಾಜಿನ ಒಳಗಡೆ ಹನಿ ಕಟ್ಟಿತು, ಹನಿ ಒಣಗಿ ಉಪ್ಪಿನ ಕಲೆ ಆಯಿತು, ಕಲೆಯ ಮೇಲೆ ಪಾಚಿ ಕೂತಿತು. ಬೆಳಕು ಮಂಕಾಗಿ ಹವಳ ಮುದುಡಿಕೊಂಡಿತು. ಕ್ಲೌನ್ ಜೋಡಿ ನೀರಿನ ಮೇಲ್ಗಡೆಯೇ ಬಾಯಿ ತೆರೆಯುತ್ತಾ ನಿಂತವು. ಗಾಜು ಹೊರಟಿತು, ಟೇಬಲ್ ಫ್ಯಾನ್ ಬಂತು.

ಗಾಳಿ ಬೆಳಕು ಬಿಡಬೇಕು, ಮೀನು ಬಿಡಬಾರದು. ಅಂದರೆ ಬಲೆ. ಬೆಂಗಳೂರಿನಲ್ಲಿ ಬಲೆಗೆ ಬರವಾ? ಇವರು ಬಾಲ್ಕನಿಗೆ ಪಾರಿವಾಳದ ಬಲೆ ಕಟ್ಟುವವನನ್ನೇ ಕರೆಸಿದರು. ಅವನು ಟೇಪ್ ಹಿಡಿದು ಬಾಲ್ಕನಿ ಕಡೆ ಹೊರಟಿದ್ದ. ಹಾಲ್‌ನಲ್ಲಿ ನಿಲ್ಲಿಸಿ ತೊಟ್ಟಿ ತೋರಿಸಿದರು.

"ಪಾರಿವಾಳ ಇಲ್ಲೀ ತನಕ ಬರ್ತಾವಾ ಸಾರ್?"

"ಪಾರಿವಾಳ ಒಳಗೆ ಬರೋಲ್ಲಪ್ಪಾ. ಮೀನು ಹೊರಗೆ ಹೋಗ್ತವೆ."

ಅವನು ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ.

ಪಾರಿವಾಳದ ಬಲೆಯ ಕಣ್ಣಿನಲ್ಲಿ ಫೈರ್‌ಫಿಶ್ ಮೆರವಣಿಗೆಯಲ್ಲಿ ಹೋಗಬಹುದು. ಕಿಟಕಿಯ ಸೊಳ್ಳೆ ಜಾಲರಿ ತೀರಾ ಸಣ್ಣ, ಉಪ್ಪು ಕಟ್ಟಿಕೊಂಡರೆ ಅದೂ ಗಾಜಿನ ತಮ್ಮ. ಅದರ ಅಲ್ಯೂಮಿನಿಯಂ ಚೌಕಟ್ಟನ್ನು ಉಪ್ಪು ತಿನ್ನುತ್ತದೆ. ಕೊನೆಗೆ ಇವರು ವೈರಿಂಗಿಗೆ ಹಾಕುವ ಪ್ಲಾಸ್ಟಿಕ್ ಪಟ್ಟಿಯಲ್ಲಿ ಚೌಕಟ್ಟು ಮಾಡಿ, 6 ಮಿಲಿಮೀಟರ್ ಕಣ್ಣಿನ ಪಾರದರ್ಶಕ ನೈಲಾನ್ ಬಲೆ ಬಿಗಿದರು. ಚೆನ್ನಾಗಿಯೇ ಬಂತು, ಸುಮ್ನೆ ಹೊಗಳುತ್ತಿಲ್ಲ. ಪೈಪಿಗೆ ಬಿಟ್ಟ ಸಂದಿಗೆ ಸ್ಪಂಜ್ ತುರುಕಿದ್ದೂ ಆಯಿತು. ಎರಡನೇ ಫೈರ್‌ಫಿಶ್ ಬಂದ ಮೊದಲ ರಾತ್ರಿ ಬಲೆಗೆ ಬಡಿದ ಟಪ್ ಸದ್ದು ಕೇಳಿ ಮನೆಯವರೆಲ್ಲ ಎದ್ದು ಬಂದೆವು. ಮೀನು ಒಳಗೇ ಇತ್ತು, ಬಿಲದ ಬಾಯಲ್ಲಿ, ನಮ್ಮನ್ನೇ ನೋಡುತ್ತಾ.

ನೀರು ಮಾತ್ರ ಬಲೆಯೊಳಗಿಂದ ಧಾರಾಳವಾಗಿ ಆರುತ್ತಲೇ ಇತ್ತು. ಅದಕ್ಕೆ ಇವರು ತಾನಾಗಿಯೇ ನೀರು ಸೇರಿಸುವ ಯಂತ್ರ ತಂದರು. ತೊಟ್ಟಿಯಲ್ಲಿ ಮಟ್ಟ ಇಳಿದರೆ ಪಕ್ಕದ ಬಕೆಟಿನಿಂದ ಪುಟ್ಟ ಪಂಪ್ ಆರ್‌ಓ ನೀರು ಎತ್ತುತ್ತದೆ. ಅತ್ತೆಯ ಉಪ್ಪಿನ ಹಿಡಿಗೆ ಇನ್ನು ಕೆಲಸವಿಲ್ಲ.

ಮಳೆ ಶುರುವಾದ ಮೇಲೆ ಡೆಂಗ್ಯೂ ಸಮೀಕ್ಷೆಯ ಹುಡುಗಿ ಬಂದಳು. ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ಎಲ್ಲ ನೋಡಿ ತೊಟ್ಟಿಯ ಹತ್ತಿರ ಬಂದಳು. ಇವರು ಇದಕ್ಕೇ ಕಾಯುತ್ತಿದ್ದವರಂತೆ ಎದ್ದರು. ಇದು ಉಪ್ಪುನೀರು, ಡೆಂಗ್ಯೂ ಸೊಳ್ಳೆಗೆ ಬೇಕಾದ್ದು ತಿಳಿಯಾದ ಸಿಹಿನೀರು, ಹುಳ ಆದರೂ ಮೀನು ಬಿಡುತ್ತಾ ಅಂತ ವಿವರಿಸಿದರು. ಅವಳು ಪೂರ್ತಿ ಕೇಳಿದಳು, ತಲೆ ಆಡಿಸಿದಳು, ಬಗ್ಗಿ ಪಕ್ಕದ ಬಕೆಟಿಗೆ ಟಾರ್ಚ್ ಬಿಟ್ಟಳು. ತಳ ಪೂರ್ತಿ ಖಾಲಿಯಾಗದ, ತಿಳಿಯಾದ, ಸಿಹಿನೀರಿನ ಬಕೆಟ್. ಒಳಗೆ ಹುಳಗಳು ಕುಣಿಯುತ್ತಿದ್ದವು.

"ಸಾರ್, ಇದಕ್ಕೆ ಮುಚ್ಚಳ ಇಲ್ವಾ?"

ಅತ್ತೆ ಏನೂ ಹೇಳಲಿಲ್ಲ. ಯುಟಿಲಿಟಿಗೆ ಹೋಗಿ ಗಾಜಿನ ಎರಡು ತುಂಡಿನಲ್ಲಿ ಒಂದನ್ನು ತಂದರು. ಸೆರಗಿನಲ್ಲಿ ಒರೆಸಿದರು. ಬಕೆಟಿನ ಮೇಲೆ ಇಟ್ಟರು. ಇವರು ಮೆಲ್ಲಗೆ, "ಅಮ್ಮಾ, ಪೈಪಿಗೆ ಸ್ವಲ್ಪ ಸಂದಿ..." ಅನ್ನುವಷ್ಟರಲ್ಲಿ ಆ ಹುಡುಗಿ ಸ್ಪಂಜ್ ಇದ್ದರೆ ತುರುಕಿ ಸಾರ್ ಅಂದಳು.