ಕ್ಯಾಂಪೇನ್ ನಡುವೆ ಹೊಸ ಎಡಿಷನ್‌ಗೆ ಹೋಗಬೇಕಾ? ಪರ-ವಿರೋಧ

ಹಾಸನದಲ್ಲಿ ನಾವು ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರೂ ಒಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಕತೆ ಮುಂದುವರಿಸುವ ಆಟ ಅದು; ಹಾಗೆ ನಡೆಯುವ ಒಂದು ಉದ್ದ ಕತೆಯೇ ಕ್ಯಾಂಪೇನ್. ನಿಯಮಗಳು 2014ರ ಫಿಫ್ತ್ ಎಡಿಷನ್‌ನವು. ಕತೆ ಮಾತ್ರ ನಮ್ಮ ಕಡೆಯದೇ. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರದ (ಈಗಿನ ಹಳೇಬೀಡು) ಮೇಲೆ ಬಿದ್ದು ಹೋಯಿತಲ್ಲ, ಅದರ ನಂತರದ ಹೊಯ್ಸಳ ನಾಡು, ಅದಕ್ಕೆ ನಾವು ಸೇರಿಸಿಕೊಂಡ ಮಾಟ ಮಂತ್ರ ಮತ್ತು ಘಟ್ಟದ ದೈತ್ಯರು. ಕ್ಯಾರೆಕ್ಟರ್‌ಗಳು ಈಗ ಏಳನೇ ಲೆವೆಲ್‌ನಲ್ಲಿವೆ. ಕತೆ ಹೀಗೆ ನಡುವಿನಲ್ಲಿರುವಾಗಲೇ 2024ರ ಹೊಸ ನಿಯಮಗಳಿಗೆ ಹೋಗೋಣ ಅಂತ ಡಿಎಂ (ಡಂಜನ್ ಮಾಸ್ಟರ್, ಅಂದರೆ ಕತೆ ನಡೆಸುವವರು) ಹೇಳುತ್ತಾರೆ. ಪ್ಯಾಲಡಿನ್ (ವ್ರತ ತೊಟ್ಟ ವೀರ) ಆಡುವವರು ಬೇಡ ಅನ್ನುತ್ತಾರೆ. ಇಬ್ಬರೂ ತಮ್ಮ ಮಾತನ್ನು ಬರೆದುಕೊಟ್ಟಿದ್ದಾರೆ.

ಪರ: ಈಗಲೇ ಹೋಗೋಣ

ನನಗೆ ದೊಡ್ಡ ಕಾರಣ ನಮ್ಮ ಫೈಟರ್, ಅಂದರೆ ಆಯುಧ ಹಿಡಿದು ಹೊಡೆದಾಡುವ ಪಾತ್ರ. ಅವನ ಸರದಿ ಬಂದಾಗ ಏನಾಗುತ್ತದೆ ನೋಡಿ. "ಹೊಡೀತೀನಿ" ಅನ್ನುತ್ತಾನೆ, ಡಿ20 (ಇಪ್ಪತ್ತು ಮುಖದ ಡೈಸ್) ಉರುಳಿಸುತ್ತಾನೆ, ಇನ್ನೊಂದು ಸಲ ಉರುಳಿಸುತ್ತಾನೆ, ಡ್ಯಾಮೇಜ್ ಹೇಳಿ ಸುಮ್ನೆ ಕೂರುತ್ತಾನೆ. ಪಕ್ಕದಲ್ಲಿ ವಿಝರ್ಡ್ (ಮಾಂತ್ರಿಕ) ಆಡುವವಳು ಅಷ್ಟೊಂದು ಸ್ಪೆಲ್‌ಗಳ (ಮಂತ್ರಗಳ) ಮಧ್ಯೆ ಯಾವುದು ಹಾಕಲಿ ಅಂತ ಯೋಚಿಸುತ್ತಿರುತ್ತಾಳೆ. ಮೂರು ಗಂಟೆಯ ಆಟದಲ್ಲಿ ಒಬ್ಬರಿಗೆ ಯೋಚಿಸುವ ಸುಖ, ಇನ್ನೊಬ್ಬನಿಗೆ ಕೂಡುವ ಲೆಕ್ಕ ಮಾತ್ರ ಅಂದರೆ ಅದು ನನಗೆ ಸರಿ ಕಾಣುವುದಿಲ್ಲ.

2024ರಲ್ಲಿ ವೆಪನ್ ಮಾಸ್ಟರಿ ಬಂದಿದೆ, ಅಂದರೆ ಆಯುಧಕ್ಕೆ ತಕ್ಕ ಹಾಗೆ ಏಟಿಗೆ ಒಂದು ವಿಶೇಷ ಪರಿಣಾಮ. ವಾರ್‌ಹ್ಯಾಮರ್‌ನಿಂದ ಹೊಡೆದರೆ ಎದುರಾಳಿಯನ್ನು ಹತ್ತು ಅಡಿ ಹಿಂದಕ್ಕೆ ತಳ್ಳಬಹುದು. ಲಾಂಗ್‌ಸೋರ್ಡ್ ತಗುಲಿದವನ ಮುಂದಿನ ಏಟಿಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನೇ ತಗೊಳ್ಳಬೇಕು). ಮಾಲ್ (ಎರಡು ಕೈಯ ದೊಡ್ಡ ಸುತ್ತಿಗೆ) ಏಟು ಬಿದ್ದವನು ಸೇವ್ (ಕೇಡು ತಪ್ಪಿಸಿಕೊಳ್ಳಲು ಉರುಳಿಸುವ ಡೈಸ್) ತಪ್ಪಿದರೆ ನೆಲಕ್ಕೇ ಬೀಳುತ್ತಾನೆ. ನಮ್ಮ ಕತೆಯ ಅರ್ಧ ಜಗಳ ನಡೆಯುವುದು ಸಕಲೇಶಪುರದಿಂದ ಕೆಳಗೆ ಇಳಿಯುವ ಘಟ್ಟದ ದಾರಿಯಲ್ಲಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅಲ್ಲಿ ಹತ್ತು ಅಡಿ ತಳ್ಳುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾ?

ಇನ್ನೊಂದು, ದಣಿವು. ಇದು ಮಲೆನಾಡಿನ ಕ್ಯಾಂಪೇನ್. ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಜಿಗಣೆ ಕಾಟ ಬೇರೆ, ಹೊರೆ ಹೊತ್ತು ಘಟ್ಟ ಹತ್ತಿದವನು ಸಂಜೆ ಹೊತ್ತಿಗೆ ಕತ್ತಿ ಎತ್ತುವ ಸ್ಥಿತಿಯಲ್ಲೇ ಇರಬಾರದು. ಆದರೆ ಹಳೆಯ ನಿಯಮದಲ್ಲಿ ದಣಿವು ಕೊಡುವುದೇ ಕಷ್ಟ. ಎರಡನೇ ಹಂತಕ್ಕೆ ನಡಿಗೆ ಅರ್ಧ, ಮೂರನೆಯದಕ್ಕೆ ಎಲ್ಲ ಏಟುಗಳಿಗೂ ಸೇವ್‌ಗಳಿಗೂ ಡಿಸ್‌ಅಡ್ವಾಂಟೇಜ್, ನಾಲ್ಕನೆಯದಕ್ಕೆ ಹಿಟ್ ಪಾಯಿಂಟ್ (ಪ್ರಾಣದ ಲೆಕ್ಕ) ಮಿತಿಯೇ ಅರ್ಧ. ಅಷ್ಟು ಭಾರದ ಶಿಕ್ಷೆಯನ್ನು ಯಾವ ಡಿಎಂ ಧೈರ್ಯವಾಗಿ ಕೊಡುತ್ತಾನೆ? ಹೊಸದರಲ್ಲಿ ಒಂದೊಂದು ಹಂತಕ್ಕೂ ಡಿ20 ಉರುಳಿಸಿದಾಗ ಎರಡು ಕಡಿಮೆ, ನಡಿಗೆಯಲ್ಲಿ ಐದು ಅಡಿ ಕಡಿಮೆ, ಆರನೇ ಹಂತಕ್ಕೆ ಸಾವು. ಅಷ್ಟೇ. ಮಳೆ ಒಂದು ಹಂತ, ನಿದ್ದೆ ಕೆಟ್ಟದ್ದು ಒಂದು ಹಂತ ಅಂತ ಕೊಡುತ್ತಾ ಹೋಗಬಹುದು. ನಮ್ಮ ಕತೆಯಲ್ಲಿ ಮಳೆಗೆ ಆಗ ನಿಜವಾದ ತೂಕ ಬರುತ್ತದೆ.

ಗಾಯ ವಾಸಿ ಮಾಡುವವರಿಗೂ ಲಾಭವಿದೆ. ಕ್ಯೂರ್ ವೂಂಡ್ಸ್ ಸ್ಪೆಲ್ ಮೊದಲು 1ಡಿ8 (ಎಂಟು ಮುಖದ ಒಂದು ಡೈಸ್) ಇದ್ದದ್ದು ಈಗ 2ಡಿ8. ಔಷಧಿ ಕುಡಿಯುವುದು ಬೋನಸ್ ಆಕ್ಷನ್ (ಸರದಿಯ ಮುಖ್ಯ ಕೆಲಸದ ಜೊತೆಗೆ ಮಾಡಬಹುದಾದ ಒಂದು ಚಿಕ್ಕ ಕೆಲಸ).

ಖರ್ಚಿನ ಮಾತು ಬಂದೇ ಬರುತ್ತದೆ. ಹೊಸ ನಿಯಮಗಳ ಮೂಲ ಭಾಗ 2025ರ ಏಪ್ರಿಲ್‌ನಿಂದ ಕ್ರಿಯೇಟಿವ್ ಕಾಮನ್ಸ್ ಅಡಿ ಉಚಿತವಾಗಿ ಸಿಗುತ್ತಿದೆ. ಅದರಲ್ಲಿ ಒಂದು ಕ್ಲಾಸ್‌ಗೆ (ಫೈಟರ್, ವಿಝರ್ಡ್ ಥರದ ಪಾತ್ರದ ಬಗೆ) ಒಂದೇ ಸಬ್‌ಕ್ಲಾಸ್ (ಅದರ ಒಳಬಗೆ) ಇದೆ, ನಿಜ. ಉಳಿದದ್ದಕ್ಕೆ ನಾನು ಒಂದು ಪುಸ್ತಕ ತರಿಸುತ್ತೇನೆ, ಎಲ್ಲರೂ ಅದನ್ನೇ ನೋಡಲಿ. 2008ರಲ್ಲಿ ಮೂರೂವರೆ (3.5) ಎಡಿಷನ್‌ನಿಂದ ಫೋರ್ತ್ ಎಡಿಷನ್‌ಗೆ ಹೋದವರ ಹಾಗೆ ನಾವು ಎಲ್ಲವನ್ನೂ ಎಸೆದು ಹೊಸದಾಗಿ ಕಲಿಯಬೇಕಿಲ್ಲ. ಡಿ20 ಅದೇ, ಆರ್ಮರ್ ಕ್ಲಾಸ್ ಅದೇ, ಲೆವೆಲ್ ಅದೇ. ಈಗ ಕತೆಯಲ್ಲಿ ಎಲ್ಲರೂ ಮಳೆಗೆ ಬೇಲೂರಿನಲ್ಲಿ ತಂಗಿದ್ದಾರೆ. ಕ್ಯಾರೆಕ್ಟರ್ ಶೀಟ್ ಹೊಸದಾಗಿ ಬರೆಯಲು ಇದಕ್ಕಿಂತ ಒಳ್ಳೆಯ ಬಿಡುವು ಮತ್ತೆ ಸಿಗುವುದಿಲ್ಲ.

ವಿರೋಧ: ಈ ಕತೆ ಮುಗಿಯಲಿ

ದಣಿವಿನ ವಿಷಯದಲ್ಲಿ ಡಿಎಂ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಫೈಟರ್ ವಿಷಯದಲ್ಲೂ ಅಷ್ಟೇ. ಹೊಸ ಪುಸ್ತಕ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಬದುಕಿರುವ ಕ್ಯಾರೆಕ್ಟರ್‌ಗಳನ್ನು ಅರ್ಧ ದಾರಿಯಲ್ಲಿ ಬದಲಾಯಿಸುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ಪ್ಯಾಲಡಿನ್ ಒಬ್ಬ ಗರುಡ. ಹೊಯ್ಸಳರ ಕಾಲದಲ್ಲಿ ಒಡೆಯನ ಜೊತೆಗೇ ಸಾಯುತ್ತೇನೆ ಅಂತ ಭಾಷೆ ಕೊಟ್ಟ ವೀರರು ಅವರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹತ್ತಿರ ಗರುಡಗಂಬ ನೋಡಿರುತ್ತೀರಿ. ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ ಹೆಂಡತಿ ಮತ್ತು ಸಂಗಡಿಗರ ಜೊತೆ ಪ್ರಾಣ ಕೊಟ್ಟ ಸಂಗತಿ ಆ ಕಂಬದ ಶಾಸನದಲ್ಲಿದೆ. ನನ್ನವನು ಒಡೆಯ ಸತ್ತ ಮೇಲೂ ಉಳಿದುಬಿಟ್ಟ ಗರುಡ. ಆ ಭಾರ ಹೊತ್ತವನು ನಿರ್ಧಾರ ಮಾಡಿದ ಕ್ಷಣದಲ್ಲಿ ತನ್ನಲ್ಲಿರುವುದನ್ನೆಲ್ಲ ಸುರಿದುಬಿಡುತ್ತಾನೆ, ನಾಳೆಗೆ ಅಂತ ಏನೂ ಇಟ್ಟುಕೊಳ್ಳುವುದಿಲ್ಲ. ಅವನ ಸ್ವಭಾವವೇ ಅದು.

ಆ ಸ್ವಭಾವ 2014ರ ಡಿವೈನ್ ಸ್ಮೈಟ್‌ನಿಂದ (ಏಟಿಗೆ ದೈವಬಲ ಸೇರಿಸುವ ಪ್ಯಾಲಡಿನ್ ಶಕ್ತಿ) ಬಂದದ್ದು. ಏಟು ತಗುಲಿದ ಮೇಲೆ ಸ್ಪೆಲ್ ಸ್ಲಾಟ್ (ದಿನಕ್ಕೆ ಇಷ್ಟೇ ಅಂತ ಇರುವ ಮಂತ್ರಬಲ) ಸುಡಬಹುದು, ಎರಡು ಏಟು ತಗುಲಿದರೆ ಎರಡಕ್ಕೂ ಸುಡಬಹುದು. ಎರಡನೇ ಲೆವೆಲ್ ಸ್ಲಾಟ್ ಎರಡು ಹಾಕಿದರೆ ಆಯುಧದ ಏಟಿನ ಮೇಲೆ ಒಟ್ಟು 6ಡಿ8. ಘಟ್ಟದ ದೈತ್ಯನನ್ನು ಅವನು ಕೆಡವಿದ್ದು ಹಾಗೆ, ಆಮೇಲೆ ಸ್ಲಾಟ್ ಇಲ್ಲದೆ ಬರಿಗೈಯಲ್ಲಿ ನಿಂತದ್ದೂ ಹಾಗೇ. 2024ರಲ್ಲಿ ಸ್ಮೈಟ್ ಒಂದು ಸ್ಪೆಲ್, ಬೋನಸ್ ಆಕ್ಷನ್ ಬೇಕು, ಅಂದರೆ ಒಂದು ಸರದಿಗೆ ಒಂದೇ. ಶತ್ರು ಮಾಂತ್ರಿಕ ಕೌಂಟರ್‌ಸ್ಪೆಲ್ ಹಾಕಿ ಅದನ್ನು ತಡೆಯಲೂಬಹುದು. ಹೊಸಬರಿಗೆ ಇದು ನ್ಯಾಯವಾದ ನಿಯಮ ಇರಬಹುದು. ನನ್ನವನು ಮಾತ್ರ ಬೇಲೂರಿನಲ್ಲಿ ಮಲಗಿ ಎದ್ದ ಮೇಲೆ ತಾನು ಯಾರು ಅನ್ನುವುದನ್ನೇ ಮರೆತಿರುತ್ತಾನೆ.

ಇನ್ನೂ ದೊಡ್ಡದು ಸರ್ಪ್ರೈಸ್. ಈ ಕ್ಯಾಂಪೇನ್‌ನ ಆಧಾರವೇ ಹೊಂಚು ಅಲ್ವಾ? ನಾಲ್ಕು ಜನ ಕಾಡಿನಲ್ಲಿ ಅಡಗಿ ಇಪ್ಪತ್ತು ಜನರ ದಂಡನ್ನು ತಡೆಯುವುದು. ಹಳೆಯ ನಿಯಮದಲ್ಲಿ ಹೊಂಚಿಗೆ ಸಿಕ್ಕಿಬಿದ್ದವನು ತನ್ನ ಮೊದಲ ಸರದಿಯಲ್ಲಿ ಅಲುಗಾಡುವಂತಿಲ್ಲ, ಏನೂ ಮಾಡುವಂತಿಲ್ಲ. ಹೊಸದರಲ್ಲಿ ಅವನ ಇನಿಶಿಯೇಟಿವ್‌ಗೆ (ಯಾರ ಸರದಿ ಮೊದಲು ಅನ್ನುವ ಡೈಸ್) ಡಿಸ್‌ಅಡ್ವಾಂಟೇಜ್ ಅಷ್ಟೇ, ಸರದಿ ಬಂದ ತಕ್ಷಣ ತಿರುಗಿ ಹೊಡೆಯುತ್ತಾನೆ. ನಮ್ಮ ರೋಗ್ (ಕಳ್ಳಹೆಜ್ಜೆಯ ಪಾತ್ರ) ಆಡುವ ಗೆಳೆಯ ಇಷ್ಟು ದಿನ ಜಾಗ ನೋಡಿ, ಗಾಳಿ ನೋಡಿ, ಹಗ್ಗ ಕಟ್ಟಿ ಕಲಿತ ಯುದ್ಧವೆಲ್ಲ ಒಂದೇ ಸಲಕ್ಕೆ ಸಪ್ಪೆಯಾಗುತ್ತದೆ. ಬಲ ಹೊಂದಿಸಲು ಡಿಎಂ ದಂಡನ್ನು ಚಿಕ್ಕದು ಮಾಡಬೇಕಾಗುತ್ತದೆ. ಆಗ ದೋರಸಮುದ್ರವನ್ನೇ ಸೂರೆ ಮಾಡಿದ ದಂಡಿನ ಭಯ ಎಲ್ಲಿ ಉಳಿಯಿತು?

ಕಲಿಯುವುದು ಸುಲಭ ಅನ್ನುವ ಮಾತಿಗೂ ನನ್ನ ತಕರಾರಿದೆ. ನಮ್ಮಲ್ಲಿ ಇಬ್ಬರು ಇಂಗ್ಲಿಷ್ ಪುಸ್ತಕ ಓದಿ ನಿಯಮ ಕಲಿತವರಲ್ಲ, ಆಡುತ್ತಾ, ಕನ್ನಡದಲ್ಲಿ ಕೇಳುತ್ತಾ ಕಲಿತವರು. ಪೂರ್ತಿ ಬೇರೆ ಆಟವಾದರೆ ಹೊಸದಾಗಿಯೇ ಕಲಿಯಬಹುದು. ಇಲ್ಲಿ ಹೆಸರು ಅದೇ, ಒಳಗಿನ ಕೆಲಸ ಬೇರೆ. ಕೌಂಟರ್‌ಸ್ಪೆಲ್ ಅನ್ನೇ ನೋಡಿ. ಮೊದಲು ದೊಡ್ಡ ಸ್ಪೆಲ್ ತಡೆಯಲು ಹಾಕುವವನು ಡೈಸ್ ಉರುಳಿಸಬೇಕಿತ್ತು, ಈಗ ಎದುರಿನವನು ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ) ಸೇವ್ ಮಾಡಬೇಕು. ಇಂಥವು ಹತ್ತಾರಿವೆ, ಒಂದೊಂದಕ್ಕೂ ಆಟ ನಿಲ್ಲುತ್ತದೆ.

ಅವಸರವೂ ಇಲ್ಲ. 2014ರ ನಿಯಮಗಳ ಮೂಲ ಭಾಗವನ್ನೂ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟಿದ್ದಾರೆ, ಅದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ನನ್ನ ಸಲಹೆ ಇದು. ವೆಪನ್ ಮಾಸ್ಟರಿ ಮತ್ತು ದಣಿವಿನ ನಿಯಮ, ಈ ಎರಡನ್ನು ಮಾತ್ರ ಮುಂದಿನ ವಾರದಿಂದಲೇ ತಗೊಳ್ಳೋಣ. ಎರಡೂ ಉಚಿತ ಭಾಗದಲ್ಲೇ ಇವೆ, ನಮ್ಮ ಕತೆಯ ಯಾವ ಘಟನೆಯನ್ನೂ ಸುಳ್ಳು ಮಾಡುವುದಿಲ್ಲ. ಹತ್ತನೇ ಲೆವೆಲ್‌ಗೆ ಕತೆ ಮುಗಿಯುತ್ತದೆ ಅಂತ ಡಿಎಂ ಮೊದಲೇ ಹೇಳಿದ್ದಾರೆ, ಉಳಿದಿರುವುದು ಮೂರೇ ಲೆವೆಲ್. ಅದಾದ ಮೇಲೆ ಎಲ್ಲರೂ ಮೊದಲನೇ ಲೆವೆಲ್‌ನಿಂದ 2024ರಲ್ಲಿ ಶುರು ಮಾಡೋಣ. ಆ ಸಲ ಫೈಟರ್ ನಾನು ಆಡುತ್ತೇನೆ.