ಪ್ಯಾಕಪ್ ಆದ ಮೇಲೆ ಕಸ ಯಾರದು?

ಸಿನಿಮಾ, ಸೀರಿಯಲ್, ವೆಬ್ ಸೀರೀಸ್ ಶೂಟಿಂಗ್‌ಗೆ ಅನುಮತಿ ಕೊಡುವಾಗ, ಸಬ್ಸಿಡಿ ಕೊಡುವಾಗ ಪರಿಸರದ ಷರತ್ತು ಕಡ್ಡಾಯ ಮಾಡಬೇಕೇ? ಬಾದಾಮಿಯಲ್ಲಿ ರೂಮು ಬಾಡಿಗೆಗೆ ಕೊಡುವವರೊಬ್ಬರು ಬೇಕೇ ಬೇಕು ಅನ್ನುತ್ತಾರೆ. ವಿಜಯಪುರದಲ್ಲಿ ಶೂಟಿಂಗ್ ತಂಡಗಳ ಲೋಕಲ್ ಮ್ಯಾನೇಜರ್ ಆಗಿ ಓಡಾಡುವವರೊಬ್ಬರು ಬೇಡ ಅನ್ನುತ್ತಾರೆ.

ಪರ: ಡಿಪಾಸಿಟ್ ಇಟ್ಟು ಶೂಟ್ ಮಾಡಲಿ

ನಮ್ಮ ಬಾದಾಮಿಯ ಮಂಗಗಳಿಗೆ ನೀರಿನ ಬಾಟಲಿ ತೆಗೆಯಲು ಬರುತ್ತದೆ. ಮುಚ್ಚಳ ತಿರುವುವುದಿಲ್ಲ, ತಳಕ್ಕೆ ಕಚ್ಚಿ ತೂತು ಮಾಡುತ್ತವೆ. ಪ್ರವಾಸಿಗರು ನಿಂತು ವಿಡಿಯೋ ಮಾಡಿಕೊಳ್ಳುತ್ತಾರೆ. ನನಗೂ ಅದು ತಮಾಷೆಯೇ ಆಗಿತ್ತು.

ಒಂದು ಹಾಡಿನ ಶೂಟಿಂಗ್ ಮೂರು ದಿನ ನಡೆದಿತ್ತು. ಯಾವ ತಂಡ ಅಂತ ಹೇಳುವುದಿಲ್ಲ, ನನ್ನ ನಾಲ್ಕು ರೂಮಿಗೆ ಸರಿಯಾಗಿ ದುಡ್ಡು ಕೊಟ್ಟು ಹೋದರು. ನಾಲ್ಕನೇ ದಿನ ಬೆಳಗ್ಗೆ ಹಾಲಿಗೆ ಹೊರಟಿದ್ದೆ. ರಸ್ತೆ ಪಕ್ಕದ ಬೀಳು ಹೊಲದಲ್ಲಿ ಒಂದು ಮಂಗ ಕೂತಿತ್ತು, ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಸುತ್ತ 200 ಎಂಎಲ್ ಬಾಟಲಿಗಳು, ಲೆಕ್ಕವಿಲ್ಲ. ಮುಕ್ಕಾಲು ಪಾಲು ಅರ್ಧ ಕುಡಿದು ಬಿಸಾಕಿದವು. ತಾಯಿ ಬಾಟಲಿ ಕಚ್ಚುತ್ತಿತ್ತು, ಮರಿ ಏನೋ ಬಿಳಿದು ಅಗಿಯುತ್ತಿತ್ತು. ಜಾಲಿ ಕಂಟಿಯ ಮುಳ್ಳಿಗೆಲ್ಲ ಅದೇ ಬಿಳಿ ಕಾಳು, ಜೋಳದ ಅರಳು ಚೆಲ್ಲಿದ ಹಾಗೆ. ಹತ್ತಿರ ಹೋಗಿ ನೋಡಿದರೆ ಥರ್ಮಾಕೋಲ್. ಹಾಡಿಗೆಂದು ಕಂಬ ಮಾಡಿಸಿದ್ದರಲ್ಲ, ಅದನ್ನು ಬಿಚ್ಚಿ ಒಯ್ಯುವ ಬದಲು ಒಡೆದು ಹೋಗಿದ್ದರು. ಎದುರಿನ ಗುಡ್ಡದ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಅಲ್ಲಿನ ಕಂಬಗಳು ಇನ್ನೂ ನಿಂತಿವೆ. ಇವರಿಗೆ ಅದು ಸಾಲದೆ ಮೂರು ದಿನದ ಕಂಬ ಬೇಕಾಯಿತು.

ಪಕ್ಕದ ಹೊಲದ ಅಜ್ಜ ಬದುವಿನ ಮೇಲೆ ಕೂತಿದ್ದ. "ಅವ್ರ ಹ್ವಾದ್ರು. ಇದನ್ನ ನಮಗ ಬಿಟ್ಟ ಹ್ವಾದ್ರು ನೋಡ್ರಿ," ಅಂದ. ಬಿತ್ತುವ ಮೊದಲು ಅವನ ಮನೆಯ ಹೆಣ್ಣುಮಕ್ಕಳೇ ಗಾಳಿಗೆ ಹಾರಿ ಬಂದ ಕಾಳನ್ನು ಆರಿಸಿದರು. ಪೂರ್ತಿ ಆಗಲಿಲ್ಲ.

ಗುಹೆಗಳಲ್ಲಿ ಹೀಗೆ ಆಗುವುದಿಲ್ಲ. ಪುರಾತತ್ವ ಇಲಾಖೆಯ ಬೇಲಿ ಒಳಗೆ ಕ್ಯಾಮೆರಾ ಇಡಬೇಕಾದರೆ ಲೈಸೆನ್ಸ್ ಬೇಕು. ಮನಬಂದಲ್ಲಿ ಅಡುಗೆ ಮಾಡುವ ಹಾಗಿಲ್ಲ, ಊಟ ಮಾಡುವ ಹಾಗಿಲ್ಲ. ಅದಕ್ಕೇ ಊಟದ ಟೆಂಟು, ಜನರೇಟರ್, ಮೇಕಪ್ ವ್ಯಾನು, ಸೆಟ್ಟಿನ ಸಾಮಾನು ಎಲ್ಲ ಬೇಲಿ ಹೊರಗೆ ಬರುತ್ತವೆ. ಬೇಲಿ ಹೊರಗೆ ಇರುವವರು ನಾವು.

ಪ್ಲಾಸ್ಟಿಕ್ ಕಾನೂನು ಇದೆಯಲ್ಲ ಅನ್ನಬಹುದು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಅಲಂಕಾರದ ಥರ್ಮಾಕೋಲ್ ನಿಷೇಧವಾಗಿವೆ. ಆದರೆ ನೀರಿನ ಬಾಟಲಿ ಆ ಪಟ್ಟಿಯಲ್ಲಿ ಇಲ್ಲ. ನೂರೈವತ್ತು ಜನ ದಿನಕ್ಕೆ ಎಂಟೆಂಟು ಸಣ್ಣ ಬಾಟಲಿ ತೆಗೆದರೆ 1,200 ಆಯಿತು. ಮೂರು ದಿನಕ್ಕೆ 3,600. ಎಲ್ಲವೂ ಕಾನೂನು ಪ್ರಕಾರವೇ.

ಡೀಸೆಲ್ ಲೆಕ್ಕವೂ ಸ್ವಲ್ಪ ನೋಡೋಣ. 125 ಕೆವಿಎ ಜನರೇಟರ್ ಮುಕ್ಕಾಲು ಲೋಡಿನಲ್ಲಿ ಗಂಟೆಗೆ ಸುಮಾರು 20 ಲೀಟರ್ ಕುಡಿಯುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಕಾರ್ಬನ್ ಡೈ ಆಕ್ಸೈಡ್. ಹತ್ತು ಗಂಟೆ ಓಡಿದರೆ ಒಂದೇ ದಿನಕ್ಕೆ ಅರ್ಧ ಟನ್ನಿಗಿಂತ ಜಾಸ್ತಿ, ಅದೂ ಒಂದು ಜನರೇಟರ್‌ಗೆ. ಅಮೆರಿಕದ ದೊಡ್ಡ ಸ್ಟುಡಿಯೋಗಳು ಸೇರಿ 2021ರಲ್ಲಿ ತಮ್ಮದೇ ಕಾರ್ಬನ್ ಲೆಕ್ಕ ಹೊರಗಿಟ್ಟವು. ಭಾರಿ ಬಜೆಟ್ಟಿನ ಒಂದು ಸಿನಿಮಾಕ್ಕೆ ಸರಾಸರಿ 3,370 ಟನ್, ಸಣ್ಣ ಸಿನಿಮಾಕ್ಕೂ 391 ಟನ್. ಅದರಲ್ಲಿ ದೊಡ್ಡ ಪಾಲು ವಾಹನ ಮತ್ತು ಜನರೇಟರ್‌ಗೆ ಸುರಿದ ಇಂಧನದ್ದು. ಬ್ರಿಟನ್ನಿನಲ್ಲಿ ಸಿನಿಮಾ, ಟಿವಿ ಪ್ರಶಸ್ತಿ ಕೊಡುವ ಬಾಫ್ಟಾ ಸಂಸ್ಥೆಯವರು 2011ರಲ್ಲೇ 'ಆಲ್ಬರ್ಟ್' ಅಂತ ಕಾರ್ಬನ್ ಲೆಕ್ಕದ ವ್ಯವಸ್ಥೆ ತಂದರು. ಈಗ ಅಲ್ಲಿನ ದೊಡ್ಡ ಚಾನೆಲ್‌ಗಳು ಕಾರ್ಯಕ್ರಮ ಮಾಡಿಸುವಾಗಲೇ ಅದರ ಸರ್ಟಿಫಿಕೇಟ್ ಕೇಳುತ್ತವೆ. ಜರ್ಮನಿಯಲ್ಲಿ 2023ರಿಂದ ಸರ್ಕಾರಿ ನೆರವು ಬೇಕೆಂದರೆ ಹಸಿರು ನಿಯಮ ಪಾಲಿಸಲೇಬೇಕು.

ಅವರಿಗೆ ತಿಳಿದದ್ದು ಇಷ್ಟೇ. ಹೇಳಿದರೆ ಯಾರೂ ಕೇಳುವುದಿಲ್ಲ, ದುಡ್ಡು ಹಿಡಿದುಕೊಂಡರೆ ಕೇಳುತ್ತಾರೆ. ನಾನು ಕೇಳುವುದೂ ಅದನ್ನೇ. ಶೂಟಿಂಗ್‌ಗೆ ಮೊದಲು ಡಿಪಾಸಿಟ್ ಇಡಲಿ. ಪ್ಯಾಕಪ್ ಆದ ಮೇಲೆ ಊರಿನವರು ಇಬ್ಬರು ಬಂದು ಜಾಗ ನೋಡಿ ಸಹಿ ಹಾಕಿದರೆ ವಾಪಸ್ ಕೊಡಲಿ. ನೀರಿಗೆ 20 ಲೀಟರ್ ಕ್ಯಾನು, ಕೈಗೊಂದು ಸ್ಟೀಲ್ ಲೋಟ. ಜಾತ್ರೆಗೆ, ಮದುವೆಗೆ ಹೆಸ್ಕಾಂ ತಾತ್ಕಾಲಿಕ ಕರೆಂಟ್ ಕನೆಕ್ಷನ್ ಕೊಡುತ್ತದಲ್ಲ, ಶೂಟಿಂಗ್‌ಗೂ ಅದನ್ನು ಮೊದಲು ಕೇಳಲಿ, ಜನರೇಟರ್ ಆಮೇಲೆ. ಸರ್ಕಾರದ ಸಬ್ಸಿಡಿ ಪಡೆಯುವ ಚಿತ್ರದ ಫೈಲಿನಲ್ಲಿ ಆ ಸಹಿಯ ಕಾಗದವೂ ಇರಲಿ.

ಇದೇನು ವಿದೇಶಿ ಬುದ್ಧಿ ಅಲ್ಲ. ನಮ್ಮ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬರುತ್ತವೆ. ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ ಎಲ್ಲವನ್ನೂ ಸುತ್ತಿ ಲಾರಿಗೆ ಹೇರಿಕೊಂಡು ಬರುತ್ತಾರೆ, ಹಾಗೇ ಸುತ್ತಿಕೊಂಡು ಹೋಗುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಅರಮನೆ, ಮೂಲೆಯಲ್ಲಿ ಒಂದು ತೇಪೆ. ಯಾರಿಗೂ ಅದರಿಂದ ನಾಟಕ ಕೆಟ್ಟಂತೆ ಕಂಡಿಲ್ಲ.

ಶೂಟಿಂಗ್ ಬರಬಾರದು ಅಂತ ನಾನು ಹೇಳಲಾರೆ. ಬಂದರೆ ನನ್ನ ರೂಮು ತುಂಬುತ್ತದೆ, ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರಿಗೆ ಕೆಲಸ ಆಗುತ್ತದೆ. ಆದರೆ ಅವತ್ತು ಹೊಲದಲ್ಲಿ ಕಾಳು ಆರಿಸಿದ ಹೆಣ್ಣುಮಕ್ಕಳ ಕೂಲಿ ಯಾವ ಸಿನಿಮಾದ ಬಜೆಟ್ಟಿನಲ್ಲಿತ್ತು?

ವಿರೋಧ: ಇನ್ನೊಂದು ಫಾರ್ಮ್ ಬೇಡ

ಮಂಗನ ಕಥೆ ನಿಜ. ನಾನೂ ಅಂಥದ್ದು ನೋಡಿದ್ದೇನೆ. ಥರ್ಮಾಕೋಲ್ ಒಡೆದು ಹೋಗುವವರ ಪರವಾಗಿ ಮಾತಾಡಲು ನಾನು ಬಂದಿಲ್ಲ.

ನನ್ನ ಕೆಲಸ ಏನೆಂದರೆ, ತಂಡ ಬರುವ ಮೊದಲು ಓಡಾಡುವುದು. ಗೋಳಗುಮ್ಮಟದ ಮುಂದೆ ಒಂದು ಸೀನ್ ಬೇಕು ಅಂದರೆ ಪುರಾತತ್ವ ಇಲಾಖೆ, ಪೊಲೀಸು, ಪಾಲಿಕೆ. ಹಳ್ಳಿಗೆ ಹೋದರೆ ಪಂಚಾಯಿತಿ. ಗುಡ್ಡ ಹತ್ತಿದರೆ ಅರಣ್ಯ. ಪ್ರತಿ ಟೇಬಲ್ಲಿಗೂ ಒಂದು ಅರ್ಜಿ, ಒಂದು ಝೆರಾಕ್ಸ್ ಸೆಟ್ಟು, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅನ್ನುವ ಒಂದು ಮಧ್ಯಾಹ್ನ. ಈಗ ಇದರ ಮೇಲೆ ಹಸಿರು ಟೇಬಲ್ ಒಂದು ಹಾಕಿದರೆ ಏನಾಗುತ್ತದೆ? ಮುಂಬೈನಿಂದ ಬರುವವರಿಗೆ ಏನೂ ಆಗುವುದಿಲ್ಲ. ಅವರ ಹತ್ತಿರ ಫೈಲ್ ಹಿಡಿದು ನಿಲ್ಲಲು ಬೇರೆ ಮನುಷ್ಯನೇ ಇರುತ್ತಾನೆ. ಡಿಪಾಸಿಟ್ ಹೋದರೆ ಹೋಗಲಿ ಅನ್ನುತ್ತಾರೆ. ಲೊಕೇಶನ್ ಖರ್ಚಿನಲ್ಲಿ ಒಂದು ಸಾಲು ಜಾಸ್ತಿ, ಅಷ್ಟೇ. ದುಡ್ಡು ಕಟ್ಟಿ ಕಸ ಬಿಡುವ ಹಕ್ಕು ಕೊಂಡ ಹಾಗಾಯಿತು.

ಸಾಯುವವರು ನಮ್ಮ ಹುಡುಗರು. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಈಗ ಎಷ್ಟು ಹುಡುಗರು ಯೂಟ್ಯೂಬಿಗೆ ಕಾಮಿಡಿ ಮಾಡುತ್ತಾರೆ, ಕಿರುಚಿತ್ರ ಮಾಡುತ್ತಾರೆ ನೋಡಿದ್ದೀರಲ್ವಾ? ಹತ್ತು ಜನ, ಒಂದು ಬಾಡಿಗೆ ಬೊಲೆರೋ, ಒಂದು ಕ್ಯಾಮೆರಾ, ಲೈಟಿಗೆ ಸೂರ್ಯ. ಬುತ್ತಿ ಮನೆಯಿಂದ ಬರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಟ್ಟೆಯ ಗಂಟು. ಅವರಷ್ಟು ಹಸಿರು ಶೂಟಿಂಗ್ ಲಂಡನ್ನಿನಲ್ಲೂ ಇರಲಾರದು. ಆದರೆ ನಿಯಮ ಬಂದರೆ ಅನುಮತಿ ಪತ್ರ ಎಲ್ಲಿ ಅಂತ ಮೊದಲು ತಡೆಯುವುದು ಇವರನ್ನೇ. ದೊಡ್ಡ ತಂಡದ ಜೊತೆ ಬೌನ್ಸರ್‌ಗಳಿರುತ್ತಾರೆ, ಅವರನ್ನು ಯಾರು ಕೇಳುತ್ತಾರೆ? ಸಣ್ಣವರಿಗೆ ವಿನಾಯಿತಿ ಕೊಡೋಣ ಅಂತೀರಾ? ಕೊಡಿ. ಆಗ ನಾಳೆಯಿಂದ ಎಲ್ಲರೂ ಕಾಗದದ ಮೇಲೆ ಸಣ್ಣವರೇ.

ಕರೆಂಟಿನ ವಿಷಯ ಕೇಳಿದರೆ ನನಗೆ ಸ್ವಲ್ಪ ನಗು ಬರುತ್ತದೆ. ಜನರೇಟರ್ ಬಿಟ್ಟು ಹೆಸ್ಕಾಂ ಲೈನ್ ತಗೊಳ್ಳಿ ಅನ್ನುತ್ತಾರೆ. ಆ ಕರೆಂಟ್ ಎಲ್ಲಿಂದ ಬರುತ್ತದೆ? ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರವಿದೆ. ಬಾದಾಮಿಯ ಹೊಗೆಯಲ್ಲಿ ಒಂದಿಷ್ಟು ಕೂಡಗಿಗೆ ಹೋಗುತ್ತದೆ, ಅಲ್ಲಿನವರು ಕುಡಿಯಬೇಕು. ಬಿಸಿಲು, ಗಾಳಿಯ ಕರೆಂಟೂ ಲೈನಿನಲ್ಲಿ ಸೇರುತ್ತದೆ, ಒಪ್ಪುತ್ತೇನೆ. ಆದರೆ ಕರೆಂಟ್ ಹೋದಾಗ? ಹೀರೋ ಡೇಟ್ ಎರಡೇ ದಿನ ಇರುತ್ತದೆ. ಹಾಗಾಗಿ ಲೈನ್ ತಗೊಂಡರೂ ಜನರೇಟರ್ ಗಾಡಿ ಬಂದು ನಿಂತೇ ನಿಲ್ಲುತ್ತದೆ. ಎರಡಕ್ಕೂ ದುಡ್ಡು.

ಅಮೆರಿಕದ 391 ಟನ್ ಕೂಡ ಹಾಗೆಯೇ. ಅಲ್ಲಿನ 'ಸಣ್ಣ ಸಿನಿಮಾ'ದ ಬಜೆಟ್ಟಿನಲ್ಲಿ ಇಲ್ಲಿ ಎಷ್ಟು ಕನ್ನಡ ಸಿನಿಮಾ ಆಗುತ್ತವೆ ಅಂತ ಲೆಕ್ಕ ಹಾಕಿ ಆಮೇಲೆ ಮಾತಾಡೋಣ. ನಾಟಕ ಕಂಪನಿಯವರು ಪರದೆಗೆ ತೇಪೆ ಹಾಕಿದ್ದು ಪರಿಸರದ ಮೇಲಿನ ಪ್ರೀತಿಗಲ್ಲ, ಹೊಸ ಪರದೆ ಬರೆಸಲು ದುಡ್ಡಿಲ್ಲದ್ದಕ್ಕೆ. ಕನ್ನಡದ ಸಣ್ಣ ನಿರ್ಮಾಪಕನೂ ಅದೇ ಸ್ಥಿತಿಯಲ್ಲಿದ್ದಾನೆ.

ನಾನು ನೋಡಿದ ದೊಡ್ಡ ಬದಲಾವಣೆಗಳೆಲ್ಲ ಸುತ್ತೋಲೆಯಿಂದ ಬಂದಿಲ್ಲ. ಮೊದಲು ಫಿಲ್ಮ್ ರೀಲು ಇತ್ತು. ಲ್ಯಾಬಿನಲ್ಲಿ ಅದನ್ನು ತೊಳೆಯಲು ರಾಸಾಯನಿಕ, ಪ್ರತಿ ಥಿಯೇಟರಿಗೂ ಡಬ್ಬಿಗಟ್ಟಲೆ ಪ್ರಿಂಟು. ಡಿಜಿಟಲ್ ಬಂತು, ಹತ್ತು ವರ್ಷದೊಳಗೆ ಎಲ್ಲ ಮಾಯ. ಯಾಕೆ? ಅಗ್ಗ ಬಿತ್ತು. ಹಳೇ ದೊಡ್ಡ ಲೈಟಿನ ಹತ್ತಿರ ನಿಂತರೆ ಮೇಕಪ್ ಕರಗಿ ಇಳಿಯುತ್ತಿತ್ತು. ಈಗ ಎಲ್‌ಇಡಿ ಬಂದಿದೆ, ಸಣ್ಣ ಕೆಲಸಕ್ಕೆ ಬ್ಯಾಟರಿಯೇ ಸಾಕು. ಲೈಟ್‌ಬಾಯ್‌ಗೂ ಸುಖ, ನಿರ್ಮಾಪಕನಿಗೂ ಉಳಿತಾಯ. ಸರ್ಕಾರ ಏನಾದರೂ ಮಾಡಲೇಬೇಕು ಅಂದರೆ ಬಾದಾಮಿ, ಪಟ್ಟದಕಲ್ಲಿನ ಹತ್ತಿರ ಶೂಟಿಂಗ್‌ಗೆಂದೇ ಒಂದು ಜಾಗ ಮಾಡಲಿ. ಕರೆಂಟ್ ಪಾಯಿಂಟ್, ನೀರಿನ ನಲ್ಲಿ, ನಾಲ್ಕು ಶೌಚಾಲಯ. ಹೆಣ್ಣುಮಕ್ಕಳು ಕಂಟಿ ಹುಡುಕುವುದಾದರೂ ತಪ್ಪುತ್ತದೆ. ಬಾಡಿಗೆ ಬೇಕಾದರೆ ತಗೊಳ್ಳಲಿ, ಸಂತೋಷವಾಗಿ ಕಟ್ಟುತ್ತೇವೆ.

ಕಾನೂನು ಇಲ್ಲ ಅಂತ ಮಾತ್ರ ಹೇಳಬೇಡಿ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್ ನಿಷೇಧವಾಗಿದ್ದು 2016ರಲ್ಲಿ. ಈ ವಾರ ಯಾವುದಾದರೂ ಮದುವೆ ಊಟಕ್ಕೆ ಹೋಗಿ ಬನ್ನಿ. 2025ರ ಅಕ್ಟೋಬರಿನಲ್ಲಿ ಬಿಡದಿಯಲ್ಲಿ ಬಿಗ್ ಬಾಸ್ ನಡೆಯುತ್ತಿದ್ದ ಸ್ಟುಡಿಯೋಗೆ ಬೀಗ ಬಿತ್ತಲ್ಲ, ಅದು ಯಾವ ಹೊಸ ಹಸಿರು ನೀತಿಯಿಂದ? 1974ರ ನೀರಿನ ಕಾಯ್ದೆ, 1981ರ ಗಾಳಿಯ ಕಾಯ್ದೆ. ಕೊಳಚೆ ನೀರು ಸಂಸ್ಕರಣೆ ಸರಿ ಇಲ್ಲ, ಅನುಮತಿ ಇಲ್ಲ ಅಂತ ಮಾಲಿನ್ಯ ನಿಯಂತ್ರಣ ಮಂಡಳಿ ಹಿಡಿಯಿತು. ಮನೆಯೊಳಗಿದ್ದವರನ್ನು ರೆಸಾರ್ಟಿಗೆ ಕಳಿಸಿದರು. ಕೆಲವೇ ದಿನದಲ್ಲಿ ಬೀಗ ತೆಗೆದರು, ಸರಿ ಮಾಡಿಕೊಳ್ಳಿ ಅಂತ ಟೈಮು ಕೊಟ್ಟರು, ಆಟ ಮುಂದುವರಿಯಿತು. ಐವತ್ತು ವರ್ಷದ ಕಾಯ್ದೆಯ ಗತಿಯೇ ಇದಾದರೆ ಮೊನ್ನೆ ಮಾಡಿದ ನಿಯಮದ ಗತಿ ಏನು? ಇತ್ತ ನಮ್ಮ ಮೂರೂ ಜಿಲ್ಲೆಗಳಲ್ಲಿ ಕಬ್ಬು ಕಡಿದ ಮೇಲೆ ಉಳಿದ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಇಡುತ್ತಾರೆ. ಸಂಜೆ ಬೈಕಿನಲ್ಲಿ ಬಂದರೆ ಅಂಗಿ ಮೇಲೆ ಕರಿ ಎಸಳು. ಅದನ್ನು ಕೇಳುವವರಿಲ್ಲ, ಶೂಟಿಂಗ್ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ. ಹೀರೋಯಿನ್ ಇರುತ್ತಾಳಲ್ಲ!

ಕೊನೆಗೆ ನನ್ನದೇ ಒಂದು ತಪ್ಪು ಹೇಳುತ್ತೇನೆ. ಊರಿನ ಹೆಸರು ಬೇಡ. ಒಂದು ಸೀರಿಯಲ್ ತಂಡ ಬಂದಿತ್ತು, ಒಳ್ಳೇ ಜನ. ಪ್ರೊಡಕ್ಷನ್‌ನವರು ತಾವಾಗಿಯೇ ಕಸ ಎಲ್ಲ ಚೀಲಕ್ಕೆ ತುಂಬಿಸಿದರು. ಹನ್ನೊಂದು ಗೊಬ್ಬರದ ಚೀಲ. "ಇದನ್ನು ಎಲ್ಲಿ ಹಾಕೋಣ ಅಣ್ಣ?" ಅಂತ ನನ್ನನ್ನು ಕೇಳಿದರು. ನಾನು ಊರಿನ ಕಸದ ಗಾಡಿಗೆ ಫೋನ್ ಮಾಡಿದೆ. ನಾಳೆ ಅಂದರು. ಮರುದಿನ ಟ್ರ್ಯಾಕ್ಟರ್ ಕೆಟ್ಟಿದೆ ಅಂದರು. ಮೂರನೇ ದಿನ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ನಾಯಿಗಳು ಎರಡು ಚೀಲ ಹರಿದಿದ್ದವು, ಹೊಲದ ಮಾಲೀಕ ಬೈಯಲು ಶುರು ಮಾಡಿದ್ದ. ಕತ್ತಲಾದ ಮೇಲೆ ನಾನೇ ಹಳ್ಳದ ದಂಡೆಗೆ ಎಳೆದುಕೊಂಡು ಹೋಗಿ ಬೆಂಕಿ ಇಟ್ಟೆ. ಬಾಟಲಿಗಳು ಕರಗಿ ಒಂದಕ್ಕೊಂದು ಅಂಟಿ ಕರಿ ಮುದ್ದೆ ಆದವು. ಎರಡು ದಿನ ಗಂಟಲು ಉರಿಯಿತು.

ಅವತ್ತು ನನ್ನ ಕೈಯಲ್ಲಿ ಆ ಹಸಿರು ಫಾರ್ಮ್ ಇದ್ದಿದ್ದರೆ 'ತ್ಯಾಜ್ಯವನ್ನು ಸೂಕ್ತವಾಗಿ ವಿಲೇವಾರಿ ಮಾಡಲಾಗಿದೆ' ಅಂತ ಬರೆದು ಸಹಿ ಹಾಕುತ್ತಿದ್ದೆ. ಊರಿನ ಇಬ್ಬರು ಬಂದು ಜಾಗ ನೋಡಿದ್ದರೂ ಹೊಲ ಸ್ವಚ್ಛವಾಗೇ ಕಾಣುತ್ತಿತ್ತು. ಡಿಪಾಸಿಟ್ ಪೂರ್ತಿ ವಾಪಸ್ ಬರುತ್ತಿತ್ತು.