ಪಿಟಿಗೂ ಮಾರ್ಕ್ಸ್ ಬೇಕಾ? ಪರನೂ ನಾನೇ, ವಿರೋಧನೂ ನಾನೇ

ವಿಷಯ ಇಷ್ಟೇ. ಎಸ್ಸೆಸ್ಸೆಲ್ಸಿಲಿ 625 ಮಾರ್ಕ್ಸ್ ಇದ್ಯಲ್ಲ, ಅದ್ರೊಳಗೆ ದೈಹಿಕ ಶಿಕ್ಷಣಕ್ಕೂ ಒಂದಿಷ್ಟು ಸೇರಿಸ್ಬೇಕಾ ಬೇಡ್ವಾ? ಈಗ ಫಸ್ಟ್ ಲ್ಯಾಂಗ್ವೇಜಿಗೆ 125, ಉಳಿದ ಐದಕ್ಕೆ ನೂರು ನೂರು, ಪಿಟಿಗೆ ಬರೀ ಗ್ರೇಡು, ಅದನ್ನ ಮನೆಲಿ ಯಾರೂ ತಿರುಗಿ ನೋಡಲ್ಲ. ನಮ್ಮನೇಲಿ ಹತ್ತನೇ ಕ್ಲಾಸ್ ಮಗಳಿದಾಳೆ, ಊಟಕ್ಕೆ ಕೂತಾಗೆಲ್ಲ ಇದೇ ಜಗಳ, ಒಂದಿನ ನಾನು ಆ ಕಡೆ ಇನ್ನೊಂದಿನ ಈ ಕಡೆ. ಅದಕ್ಕೆ ಎರಡೂ ಬರೆದುಬಿಡ್ತೀನಿ.

ಪರ: ಇರ್ಲೇಬೇಕು

ಮಗಳ ಟೈಮ್ ಟೇಬಲ್‌ನಲ್ಲಿ ವಾರಕ್ಕೆ ಎರಡು ಪಿಟಿ ಪೀರಿಯಡ್ ಇದೆ. ಇದೆ ಅಂದ್ರೆ ಗೋಡೆಗೆ ಅಂಟಿಸಿರೋ ಹಾಳೇಲಿದೆ. ಜೂನಲ್ಲಿ ಒಂದೆರಡು ವಾರ ಗ್ರೌಂಡಿಗೆ ಬಿಟ್ರಂತೆ, ಆಮೇಲೆ ಮ್ಯಾಥ್ಸ್ ಸರ್ ಬಾಗಿಲಿಗೇ ಬಂದು ನಿಂತು "ಪೋರ್ಷನ್ ಉಳ್ಕೊಂಡಿದೆ, ಎಲ್ರೂ ಕೂತ್ಕೊಳಿ" ಅಂದ್ರೆ ಮುಗೀತು, ಪಿಟಿ ಸರ್ ಕೊರಳಲ್ಲಿ ವಿಷಲ್ ನೇತಾಕ್ಕೊಂಡು ಸ್ಟಾಫ್ ರೂಮಿಗೆ ವಾಪಸ್ಸು. ಗುರುವಾರ ಬಿಳಿ ಶೂ ಹಾಕ್ಕೊಂಡು ಹೋಗ್ತಾಳೆ, ಸಂಜೆ ಬಿಚ್ಚುವಾಗ ನೋಡಿದ್ರೆ ಒಂಚೂರು ಮಣ್ಣಿರಲ್ಲ. ನಮ್ಮಮ್ಮ ಕಂಡಿದ್ರೆ ಖುಷಿ ಪಡ್ತಿದ್ರು, ನಂಗೆ ಹೊಟ್ಟೆ ಉರಿಯತ್ತೆ.

ಇದಕ್ಕೆ ಮ್ಯಾಥ್ಸ್ ಸರ್‌ನ ಬೈದು ಪ್ರಯೋಜನ ಇಲ್ಲ, ರಿಸಲ್ಟ್ ಕಮ್ಮಿ ಬಂದ್ರೆ ನೋಟಿಸ್ ಬರೋದು ಅವರಿಗೆ. ಪಿಟಿ ಸರ್‌ಗೆ ಯಾವ ನೋಟಿಸೂ ಇಲ್ಲ, ಅದಕ್ಕೇ ಅವರ ಪೀರಿಯಡ್ ಎಲ್ಲರ ಪಾಲಿನ ಫ್ರೀ ಪೀರಿಯಡ್. ಅವರಿಗೆ ಕೊಡೋ ಕೆಲಸನಾದ್ರೂ ನೋಡಿ: ಲೇಟಾಗಿ ಬಂದೋರನ್ನ ಗೇಟಲ್ಲಿ ಹಿಡಿ, ಪ್ರೇಯರ್ ಮಾಡಿಸು, ಬಿಸಿಯೂಟಕ್ಕೆ ಸಾಲು ನಿಲ್ಲಿಸು, ಆಗಸ್ಟ್ 15ಕ್ಕೆ ಮಾರ್ಚ್ ಪಾಸ್ಟ್ ಮಾಡಿಸು. ಬಿಪಿಎಡ್ ಅಂತ ದೈಹಿಕ ಶಿಕ್ಷಣದ ಡಿಗ್ರಿನೇ ಮಾಡ್ಕೊಂಡು ಬಂದಿರೋ ಮನುಷ್ಯ ಅವರು! ದೈಹಿಕ ಶಿಕ್ಷಣದ ಬಗ್ಗೆ ಇರೋ ವೈದ್ಯನಾಥನ್ ವರದಿ ಜಾರಿ ಮಾಡಿ, ನಮ್ಮನ್ನೂ ಬೇರೆ ಮೇಷ್ಟ್ರುಗಳ ಸಮಕ್ಕೆ ನೋಡಿ ಅಂತ ದೈಹಿಕ ಶಿಕ್ಷಕರು ಎಷ್ಟೋ ವರ್ಷದಿಂದ ಕೇಳ್ಕೊಂಡೇ ಬಂದಿದಾರೆ. ಮಾರ್ಕ್ಸ್ ಅಂತ ಒಂದಿದ್ರೆ ಕೇಳೋ ಅವಶ್ಯಕತೆನೇ ಬರ್ತಿರ್ಲಿಲ್ಲ ಅನ್ಸತ್ತೆ. ಸಿಬಿಎಸ್‌ಇಲಿ 11, 12ನೇ ಕ್ಲಾಸಿಗೆ ಫಿಸಿಕಲ್ ಎಜುಕೇಶನ್ ಅಂತ ಆಯ್ಕೆ ವಿಷಯನೇ ಇದೆ, ಥಿಯರಿ 70, ಪ್ರಾಕ್ಟಿಕಲ್ 30. ಅಲ್ಲಿ ಆ ಪೀರಿಯಡ್ ಕಸ್ಕೊಳಕ್ಕೆ ಯಾರೂ ಬರಲ್ಲ.

ಹುಡುಗ್ರ ಕಥೆ ಬಿಡಿ, ಅವರು ಹೆಂಗಾದ್ರೂ ಸಂಜೆ ರೋಡಲ್ಲಿ ಕ್ರಿಕೆಟ್ ಆಡ್ಕೋತಾರೆ. ಹೆಣ್ಮಕ್ಕಳದು ಹಂಗಲ್ಲ. ಎಂಟನೇ ಕ್ಲಾಸ್ ದಾಟ್ತಿದ್ದಂಗೆ "ದೊಡ್ಡವಳಾಗಿದೀಯ, ಏನದು ಓಡಾಟ" ಅಂತ ಶುರುವಾಗತ್ತೆ, ಸಂಜೆ ಆಚೆ ಹೋಗಂಗಿಲ್ಲ, ಟ್ಯೂಷನ್ ಬೇರೆ. ಅವರಿಗೆ ಮೈ ಬಿಟ್ಟು ಓಡಕ್ಕೆ ಸಿಗೋದು ಸ್ಕೂಲಿನ ಆ ನಲವತ್ತು ನಿಮಿಷ ಅಷ್ಟೇ. 5ರಿಂದ 17 ವಯಸ್ಸಿನ ಮಕ್ಕಳು ದಿನಕ್ಕೆ 60 ನಿಮಿಷ ಮೈ ಬೆವರಿಸ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ನಮ್ಮ ಹುಡುಗೀರಿಗೆ ವಾರಕ್ಕೆ ಅಷ್ಟು ಸಿಕ್ಕಿದ್ರೆ ಪುಣ್ಯ. 2025ರ ಜನವರಿಲಿ ದೆಹಲಿಲಿ ಮೊದಲ ಖೋ ಖೋ ವಿಶ್ವಕಪ್ ಆಯ್ತಲ್ಲ, ಗೆದ್ದ ಭಾರತದ ಹುಡುಗೀರ ಟೀಮಲ್ಲಿ ನಮ್ಮ ಟಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ಲು. ಎಲ್ರೂ ಸ್ಟೇಟಸ್ ಹಾಕಿದ್ದೇ ಹಾಕಿದ್ದು, ಮಾರನೇ ದಿನ ಅದೇ ಜನ ಮಗಳಿಗೆ "ಆಟ ಸಾಕು, ಓದ್ಕೋ" ಅಂದ್ರು. ನಾನೂ ಅಂದಿದೀನಿ, ಸುಳ್ಳು ಯಾಕೆ. ಮಾರ್ಕ್ಸ್ ಇದ್ದಿದ್ರೆ ನಾನೇ ಬೈಕಲ್ಲಿ ಕೂರಿಸ್ಕೊಂಡು ಗ್ರೌಂಡಿಗೆ ಬಿಟ್ಟು ಬರ್ತಿದ್ದೆ.

ವಿರೋಧ: ದಯವಿಟ್ಟು ಬೇಡ

ಈಗ ಇಂಟರ್ನಲ್ ಮಾರ್ಕ್ಸ್ ಕಥೆ ಏನಾಗಿದೆ ನೋಡಿ. ಫಸ್ಟ್ ಲ್ಯಾಂಗ್ವೇಜಿಗೆ 25, ಉಳಿದ ಪ್ರತಿ ಸಬ್ಜೆಕ್ಟಿಗೂ 20 ಇದೆ, ಪ್ರಾಜೆಕ್ಟು ಚಟುವಟಿಕೆ ಅಂತ. ಪ್ರಾಜೆಕ್ಟ್ ಮಾಡೋದು ಅಪ್ಪ ಅಮ್ಮ ಇಲ್ಲಾಂದ್ರೆ ಜೆರಾಕ್ಸ್ ಅಂಗಡಿ, ಮಾರ್ಕ್ಸ್ ಬರೋದು ಹತ್ತೊಂಬತ್ತೋ ಇಪ್ಪತ್ತೋ. ಪಿಟಿಗೂ ಅದೇ ಆಗತ್ತೆ, ಇಡೀ ಕ್ಲಾಸಿಗೆ ಇಪ್ಪತ್ತಕ್ಕಿಪ್ಪತ್ತು, ಒಬ್ಬನೂ ಓಡಿರಲ್ಲ.

ಹಂಗಾಗಬಾರ್ದು, ನಿಜವಾಗ್ಲೂ ಅಳೆದು ಕೊಡ್ತೀವಿ ಅಂದ್ರೆ ಅದು ಇನ್ನೂ ಭಯ. ನನ್ ಕ್ಲಾಸಲ್ಲಿ ಒಬ್ಬ ಇದ್ದ, ದಪ್ಪ, ಎರಡು ರೌಂಡ್ ಓಡಿದ್ರೆ ಉಬ್ಬಸ ಬರೋದು. ಲೆಕ್ಕದಲ್ಲಿ ಫೇಲಾದ್ರೆ ಪೇಪರ್ ಮಡಚಿ ಬ್ಯಾಗಿಗೆ ಹಾಕ್ಕೋಬಹುದು, ಓಟದಲ್ಲಿ ಕೊನೆಗೆ ಬಂದ್ರೆ ಇಡೀ ಸ್ಕೂಲ್ ನೋಡತ್ತೆ. ಅವನು ಸ್ಪೋರ್ಟ್ಸ್ ಡೇ ದಿನ ಹೊಟ್ಟೆನೋವು ಅಂತ ರಜೆ ಹಾಕೋನು, ಮೂರು ವರ್ಷನೂ. ಅದಕ್ಕೆ ಮಾರ್ಕ್ಸ್ ಬೇರೆ ಇದ್ದಿದ್ರೆ ಸ್ಕೂಲೇ ಬಿಡ್ತಿದ್ದ ಅನ್ಸತ್ತೆ. ಮುಟ್ಟಿನ ದಿನಾನೇ ಟೆಸ್ಟ್ ಬಂದ್ರೆ ಹುಡುಗಿ ಯಾರತ್ರ ಹೇಳ್ಕೋಬೇಕು? ಪಿಟಿ ಸರ್ ಹತ್ರನಾ?

ಮತ್ತೆ ಗ್ರೌಂಡ್ ಎಲ್ಲಿದೆ ಸ್ವಾಮಿ. ಆರ್‌ಟಿಇ ಕಾಯ್ದೆ 2009ರಲ್ಲೇ ಎಂಟನೇ ಕ್ಲಾಸ್‌ವರೆಗಿನ ಸ್ಕೂಲಿಗೆ ಆಟದ ಮೈದಾನ ಇರ್ಬೇಕು ಅಂತ ಬರೆದಿದೆ, ಬೆಂಗಳೂರಲ್ಲಿ ಮೂರಂತಸ್ತಿನ ಬಿಲ್ಡಿಂಗು, ಕೆಳಗಡೆ ವ್ಯಾನ್ ಪಾರ್ಕಿಂಗು, ಅಲ್ಲೇ ಪಿಟಿ. ನಮ್ಮೂರಿನ ಸರ್ಕಾರಿ ಹೈಸ್ಕೂಲಲ್ಲಿ ಎರಡು ಎಕರೆ ಗ್ರೌಂಡಿತ್ತು. ಎರಡು ಕಡೆ ಮಕ್ಕಳಿಗೂ ಒಂದೇ ಮಾಪನ ಇಟ್ರೆ ಅದ್ಯಾವ ನ್ಯಾಯ? ಇಲ್ಲದ ಕಡೆ ಏನ್ ಮಾಡ್ತಾರೆ ಅಂದ್ರೆ ಥಿಯರಿ ಮಾಡ್ತಾರೆ. ಕಬಡ್ಡಿ ಟೀಮಲ್ಲಿ ಎಷ್ಟು ಜನ, ಏಳು. ಖೋ ಖೋ ಅಂಕಣದ ಅಳತೆ ಬರೆಯಿರಿ, 27 ಇಂಟು 16 ಮೀಟರ್. ಎರಡು ಮಾರ್ಕ್ಸ್. ಆಮೇಲೆ ಗೈಡ್ ಬರತ್ತೆ, ಟ್ಯೂಷನ್ ಬರತ್ತೆ.

ನಾನು ಹೈಸ್ಕೂಲಲ್ಲಿ ಖೋ ಖೋ ಆಡಿದ್ದು, ಹೋಬಳಿ ದಾಟಿ ತಾಲೂಕು ಲೆವೆಲ್ ತನಕ ಹೋಗಿದ್ವಿ, ಅಲ್ಲಿ ಮೊದಲ ಮ್ಯಾಚಲ್ಲೇ ಔಟ್. ಬೆಳಿಗ್ಗೆ ಆರಕ್ಕೆ ನಮ್ ಮೇಷ್ಟ್ರು ತಗಡಿನ ಡಬ್ಬದಲ್ಲಿ ಸುಣ್ಣದ ಪುಡಿ ಹಾಕ್ಕೊಂಡು ಗೆರೆ ಎಳೀತಿದ್ರು, ನಾವು ಹಿಂದೆ ಹಿಂದೆ. ಕಂಬ ತಿರುಗುವಾಗ ಕೈ ತರಚಿ ತರಚಿ ಅಂಗೈ ಗಟ್ಟಿಯಾಗಿಬಿಟ್ಟಿತ್ತು. ಅದಕ್ಕೆ ಯಾರೂ ಮಾರ್ಕ್ಸ್ ಕೊಡ್ಲಿಲ್ಲ, ಅದಕ್ಕೇ ಯಾರೂ ಕರೀದಿದ್ರೂ ಹೋಗ್ತಿದ್ವಿ. ಹತ್ತನೇ ಕ್ಲಾಸಲ್ಲಿ ಭಯ ಇಲ್ಲದೆ ಹೋಗ್ತಿದ್ದ ಒಂದೇ ಪೀರಿಯಡ್ ಅದು. ಪೀರಿಯಡ್ ಉಳಿಸಬೇಕು ಅಂದ್ರೆ ಹೆಡ್ಮಾಸ್ಟ್ರು ಗಟ್ಟಿಯಾಗಿ ನಿಂತು ಮ್ಯಾಥ್ಸ್ ಸರ್‌ಗೆ ಇಲ್ಲ ಅನ್ಲಿ, ಮಕ್ಕಳ ಮೇಲೆ ಇನ್ನೊಂದು ಪರೀಕ್ಷೆ ಯಾಕೆ?

ಮೊನ್ನೆ ರಾತ್ರಿ ಹತ್ತು ಗಂಟೆಗೆ ಮಗಳು ಪಿಟಿ ರೆಕಾರ್ಡಿಗೆ ಸ್ಕೇಲು ಪೆನ್ಸಿಲ್ ಇಟ್ಕೊಂಡು ಖೋ ಖೋ ಅಂಕಣ ಬರೀತಾ ಕೂತಿದ್ಲು. "ಅಪ್ಪಾ, ಕಂಬಕ್ಕೂ ಮೊದಲನೇ ಅಡ್ಡಪಟ್ಟಿಗೂ ಮಧ್ಯ ಎಷ್ಟು ದೂರ?" ಅಂದ್ಲು. ಮೂರು ವರ್ಷ ಅದರೊಳಗೇ ಓಡಿದೋನು ನಾನು, ಗೊತ್ತಿರ್ಲಿಲ್ಲ. ನಮ್ ಮೇಷ್ಟ್ರು ಹೆಜ್ಜೆಲಿ ಅಳೀತಿದ್ರು ಕಣೇ ಅಂದೆ. "ಹೆಜ್ಜೆ ಅಂತ ಬರೆದ್ರೆ ಸರ್ ರೈಟ್ ಹಾಕಲ್ಲ" ಅಂತ ಮೊಬೈಲ್ ತಗೊಂಡ್ಲು.